ರಾಬರ್ಟ್ ಬ್ರೂಸ್ ಫೂಟ್: ನಮ್ಮ ಜಿಲ್ಲೆಯ ಕಲ್ಲುಗಳನ್ನು ಓದಿದ ಮಹನೀಯರು

ಭಾರತದ ಪ್ರಾಗಿತಿಹಾಸದ ಪಿತಾಮಹ ಯಾರು? ಇದು ಒಂದು ಅಂಕದ ಪ್ರಶ್ನೆ. ರಾಬರ್ಟ್ ಬ್ರೂಸ್ ಫೂಟ್ ಎಂದು ಬರೆದು ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಈ ಮನುಷ್ಯ ಬಾಗಲಕೋಟೆ, ಬಾದಾಮಿ, ಹುನಗುಂದದ ನೆಲದಲ್ಲಿ ಓಡಾಡಿದವರು, ನಮ್ಮ ಕಲಾದಗಿಯ ಹೆಸರನ್ನು ಭೂವಿಜ್ಞಾನದ ಪುಸ್ತಕಗಳಲ್ಲಿ ಸೇರಿಸಿದವರು, ಪಕ್ಕದ ಗೋಕಾಕದಲ್ಲಿ ಘೇಂಡಾಮೃಗದ ಪಳೆಯುಳಿಕೆ ಪತ್ತೆ ಮಾಡಿದವರು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ. ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿ. ಇಂದು ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಯಂತ್ರದಲ್ಲಿ ಪಳೆಯುಳಿಕೆಗಳನ್ನಿಟ್ಟು, ಅವನ್ನು ಒಡೆಯದೆ ಒಳಗೆ ಏನಿದೆ ಎಂದು ನೋಡುತ್ತಾರೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಫೂಟ್ ಅವರೇ. ಯಾಕೆ ಎಂಬುದನ್ನು ಅವರ ಜೀವನದ ಜೊತೆಗೇ ಹೇಳುತ್ತೇನೆ.

ಬಾಲ್ಯ ಮತ್ತು ಕೆಲಸ

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿ ಹುಟ್ಟಿದರು. 1858ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. ಥಾಮಸ್ ಓಲ್ಡ್‌ಹ್ಯಾಮ್ ಅವರ ಮುಂದಾಳತ್ವದಲ್ಲಿ 1851ರಲ್ಲಿ ಶುರುವಾದ ಈ ಇಲಾಖೆಗೆ ಆಗಿನ್ನೂ ಏಳೇ ವರ್ಷ. ಕಲ್ಲಿದ್ದಲು ಎಲ್ಲಿದೆ, ಕಬ್ಬಿಣದ ಅದಿರು ಎಲ್ಲಿದೆ, ಯಾವ ಕಲ್ಲು ಯಾವ ಕಲ್ಲಿನ ಮೇಲೆ ಕೂತಿದೆ ಎಂದು ಇಡೀ ದೇಶವನ್ನು ನಡೆದು ನೋಡಿ ನಕ್ಷೆ ಮಾಡುವುದು ಅದರ ಕೆಲಸ. ಫೂಟ್ ಅವರಿಗೆ ಮದ್ರಾಸ್ ಪ್ರಾಂತ್ಯದ ಕೆಲಸ ಸಿಕ್ಕಿತು.

ಆಗಿನ ಭೂವಿಜ್ಞಾನಿಯ ಜೀವನ ಸುಲಭದ್ದಲ್ಲ. ಮಳೆ ನಿಂತ ಮೇಲೆ ಡೇರೆ, ಕುದುರೆ, ಎತ್ತಿನ ಗಾಡಿ ಕಟ್ಟಿಕೊಂಡು ಹೊರಡಬೇಕು. ತಿಂಗಳುಗಟ್ಟಲೆ ಹಳ್ಳ, ಗುಡ್ಡ, ಬಾವಿ, ನದಿಯ ದಂಡೆ ಅಂತ ಸುತ್ತಬೇಕು. ಬಿಸಿಲು ಏರಿ ಮಳೆಗಾಲ ಬಂದಾಗ ಕಚೇರಿಗೆ ಮರಳಿ, ಕಂಡದ್ದನ್ನೆಲ್ಲ ವರದಿಯಾಗಿ ಬರೆಯಬೇಕು. ಕೈಯಲ್ಲಿ ಒಂದು ಸುತ್ತಿಗೆ, ಒಂದು ದಿಕ್ಸೂಚಿ, ಒಂದು ನೋಟ್‌ಬುಕ್. ಈ ಮೂರರಲ್ಲಿ ನೋಟ್‌ಬುಕ್ಕೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಮುಂದೆ ಓದಿದರೆ ನಿಮಗೂ ಹಾಗೆ ಅನ್ನಿಸಬಹುದು.

ಅವರು ಮದುವೆಯಾದದ್ದು ಪೀಟರ್ ಪರ್ಸಿವಲ್ ಎಂಬ ತಮಿಳು ವಿದ್ವಾಂಸರ ಮಗಳು ಎಲಿಜಬೆತ್ ಆ್ಯನ್ ಅವರನ್ನು. ಕೆಲಸಕ್ಕೆಂದು ಬಂದ ಈ ದೇಶದಲ್ಲಿಯೇ ಅವರ ಸಂಸಾರ ಬೆಳೆಯಿತು. ದಕ್ಷಿಣ ಭಾರತವೇ ಅವರ ಮನೆಯಾಯಿತು.

ಪಲ್ಲಾವರಂನ ಆ ದಿನ

1863ರ ಮೇ 30. ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಜಂಬಿಟ್ಟಿಗೆಯ ಗರಸು ತೆಗೆದ ಒಂದು ಗುಂಡಿಯ ಬಳಿ ಫೂಟ್ ಅವರಿಗೆ ಒಂದು ಕಲ್ಲು ಸಿಕ್ಕಿತು. ಬೇರೆಯವರು ಆಗಿದ್ದರೆ ದಾಟಿ ಹೋಗುತ್ತಿದ್ದರು. ಆದರೆ ಅದರ ಅಂಚುಗಳು ತಾನಾಗಿಯೇ ಒಡೆದ ಕಲ್ಲಿನ ಹಾಗೆ ಇರಲಿಲ್ಲ. ಎರಡೂ ಮಗ್ಗಲಿನಿಂದ ಚಕ್ಕೆ ಎಬ್ಬಿಸಿ, ಹಿಡಿಯಲು ಬರುವಂತೆ ಮಾಡಿದ ಹತಾರ ಅದು. ಅದನ್ನೇ ಈಗ ನಾವು ಹಳೆ ಶಿಲಾಯುಗದ ಕೈಗೊಡಲಿ ಎನ್ನುತ್ತೇವೆ.

ಇದು ಯಾಕೆ ದೊಡ್ಡ ಸಂಗತಿ ಎಂದು ತಿಳಿಯಲು ನಾಲ್ಕು ವರ್ಷ ಹಿಂದೆ ಹೋಗಬೇಕು. ಫ್ರಾನ್ಸಿನ ಸೊಮ್ ನದಿಯ ಗರಸಿನಲ್ಲಿ ಬೂಶೆ ದ ಪೆರ್ತ್ ಎಂಬವರಿಗೆ ಇಂಥದೇ ಕಲ್ಲಿನ ಹತಾರಗಳು, ಈಗ ಇಲ್ಲದ ಪ್ರಾಣಿಗಳ ಎಲುಬಿನ ಜೊತೆ ಸಿಕ್ಕಿದ್ದವು. ಬಹಳ ವರ್ಷ ಅವರನ್ನು ಯಾರೂ ನಂಬಲಿಲ್ಲ. 1859ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಹೋಗಿ ಸ್ಥಳವನ್ನೇ ನೋಡಿ ಒಪ್ಪಿಕೊಂಡರು. ಅವರು ಒಪ್ಪಿದ್ದು ಕಲ್ಲಿನ ಅಂದಕ್ಕಲ್ಲ. ಆ ಕಲ್ಲು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದಕ್ಕೆ. ಫೂಟ್ ಅವರು ಈ ಸುದ್ದಿಯನ್ನು ಬಲ್ಲವರು. ಹಾಗಾಗಿ ಪಲ್ಲಾವರಂನಲ್ಲಿ ಅವರು ನೋಡಿದ್ದು ಕಲ್ಲನ್ನು ಮಾತ್ರವಲ್ಲ, ಅದು ಬಂದ ಪದರವನ್ನೂ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರೂ ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೂ ಅತ್ತಿರಂಪಾಕ್ಕಂ ಎಂಬಲ್ಲಿ ಇಂಥ ಹತಾರಗಳ ದೊಡ್ಡ ತಾಣವನ್ನೇ ಕಂಡರು. 1866ರಲ್ಲಿ ಫೂಟ್ ಅವರ ಲೇಖನ ಪ್ರಕಟವಾಯಿತು. ಭಾರತದಲ್ಲಿಯೂ ಹಳೆ ಶಿಲಾಯುಗದ ಮನುಷ್ಯ ಇದ್ದ ಎಂಬುದು ಲೋಕಕ್ಕೆ ಗೊತ್ತಾಯಿತು. ಎಷ್ಟು ಹಳೆಯದು ಎಂದು ವರ್ಷದ ಲೆಕ್ಕದಲ್ಲಿ ಹೇಳುವ ಉಪಾಯ ಆಗ ಇರಲಿಲ್ಲ. ಅದೇ ಅತ್ತಿರಂಪಾಕ್ಕಂನ ಹತಾರಗಳು ಸುಮಾರು 15 ಲಕ್ಷ ವರ್ಷ ಹಳೆಯವು ಎಂದು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಸುಮಾರು 150 ವರ್ಷದ ನಂತರ ಅದೇ ಜಾಗಕ್ಕೆ ಹೋಗಿ ಅಗೆಯಲು ಸಾಧ್ಯವಾದದ್ದು ಹೇಗೆ? ಫೂಟ್ ಅವರು ಜಾಗವನ್ನು ಸರಿಯಾಗಿ ಬರೆದಿಟ್ಟಿದ್ದರಿಂದ.

ನಮ್ಮ ಸೀಮೆಗೆ ಬಂದದ್ದು

ಆಮೇಲೆ ಫೂಟ್ ಅವರ ಕೆಲಸ ನಮ್ಮ ಕಡೆಗೆ ತಿರುಗಿತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿದ್ದವು. ಇಂದು ದಾಳಿಂಬೆ, ಚಿಕ್ಕು ತೋಟಗಳಿಗೆ ಹೆಸರಾದ ಕಲಾದಗಿಯೇ ಆಗ ಜಿಲ್ಲಾ ಕೇಂದ್ರ. ಬೆಳಗಾವಿಯಿಂದ ಹಿಡಿದು ಈ ಭಾಗವನ್ನೆಲ್ಲ ಇಂಗ್ಲಿಷರು ದಕ್ಷಿಣ ಮರಾಠಾ ಸೀಮೆ ಎನ್ನುತ್ತಿದ್ದರು. ಈ ಸೀಮೆಯ ಭೂರಚನೆಯ ಬಗ್ಗೆ ಫೂಟ್ ಅವರು ಬರೆದ ದೊಡ್ಡ ವರದಿ 1876ರಲ್ಲಿ ಇಲಾಖೆಯ ಗ್ರಂಥಮಾಲೆಯ 12ನೆಯ ಸಂಪುಟವಾಗಿ ಬಂತು.

ನಮ್ಮ ಜಿಲ್ಲೆಯ ಕಲ್ಲುಗಳನ್ನು ಮೇಲಿಂದ ನೋಡಿದರೆ ಹೀಗಿದೆ. ಇಳಕಲ್ಲಿನ ಕಡೆ ಗುಲಾಬಿ, ಕೆಂಪು ಬಣ್ಣದ ಗ್ರಾನೈಟ್. ನಮ್ಮ ಚಾಚಾ ಪಾಲಿಶ್ ಮಾಡುವ ಘಟಕದಲ್ಲಿ ಕೆಲಸ ಮಾಡುತ್ತಾರೆ. ಆ ಕಲ್ಲು ಕೊಯ್ದಾಗ ಒಳಗೆ ಹರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಯಾಕೆಂದರೆ ಗ್ರಾನೈಟ್ ಭೂಮಿಯ ಆಳದಲ್ಲಿ ಕರಗಿದ ಕಲ್ಲು ಆರಿ ಆದದ್ದು. ಅದರಲ್ಲಿ ಪಳೆಯುಳಿಕೆ ಇರುವುದಿಲ್ಲ. ಇಂಥ ಹಳೆಯ ಕಲ್ಲಿನ ಮೇಲೆ ಕೂತಿರುವುದು ನೀರಿನಲ್ಲಿ ಮರಳು, ಕೆಸರು, ಸುಣ್ಣ ಪದರಪದರವಾಗಿ ಶೇಖರವಾಗಿ ಆದ ಕಲ್ಲು: ಬಾಗಲಕೋಟೆ, ಲೋಕಾಪುರದ ಸುಣ್ಣಕಲ್ಲು, ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಮರಳುಗಲ್ಲು. ಈ ಪದರಗಲ್ಲುಗಳ ಗುಂಪಿಗೆ ಫೂಟ್ ಅವರು ಕಲಾದಗಿ ಶ್ರೇಣಿ ಎಂದು ಹೆಸರಿಟ್ಟರು. ಇಂದಿಗೂ ಜಗತ್ತಿನ ಯಾವ ಭೂವಿಜ್ಞಾನಿಗಾದರೂ ಕಲಾದಗಿ ಎಂದರೆ ಗೊತ್ತು. ಹಣ್ಣಿನಿಂದಲ್ಲ, ಈ ಕಲ್ಲಿನಿಂದ.

ಈ ಸುಣ್ಣಕಲ್ಲಿನಲ್ಲಿ ಕೆಲವು ಕಡೆ ಬಟ್ಟಲು ಮಗುಚಿಟ್ಟಂತೆ, ಉಳ್ಳಾಗಡ್ಡಿ ಕೊಯ್ದಂತೆ ಸುತ್ತುಸುತ್ತಿನ ಗುರುತುಗಳಿವೆ. ಅವಕ್ಕೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ನೂರು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪೊರೆಯಂತೆ ಹಬ್ಬಿ, ಅದರ ಮೇಲೆ ಕೆಸರು ಕೂತು, ಮತ್ತೆ ಪೊರೆ ಬೆಳೆದು ಆದ ಪದರಗಳು ಅವು. ಪ್ರಾಣಿ ಇಲ್ಲ, ಗಿಡ ಇಲ್ಲ, ಮೀನು ಸಹ ಇಲ್ಲದ ಕಾಲದ ಜೀವದ ಗುರುತು ನಮ್ಮ ಊರಿನ ಬಗಲಲ್ಲೇ ಇದೆ. ಅದೇ ಸುಣ್ಣಕಲ್ಲನ್ನು ನಾವು ಸಿಮೆಂಟಿಗೆ, ಸುಣ್ಣಕ್ಕೆ, ರಸ್ತೆಯ ಜಲ್ಲಿಗೆ ಒಡೆಯುತ್ತೇವೆ.

ಇದು ಬಹಳ ಹಳೆಯ ಕಾಲದ ಮಾತಾಯಿತು. ನದಿಯ ದಂಡೆಯ ಗರಸು ಇದಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಮಲಪ್ರಭೆಯ ಗರಸಿನಲ್ಲಿ, ಬಾದಾಮಿ ಸೀಮೆಯಲ್ಲಿ, ಫೂಟ್ ಅವರಿಗೆ ಹಳೆ ಶಿಲಾಯುಗದ ಹತಾರಗಳು ಸಿಕ್ಕವು. ಅವರ ಹೆಜ್ಜೆಯ ಮೇಲೆಯೇ ಮುಂದಿನವರು ಬಂದರು. ಆರ್. ವಿ. ಜೋಶಿ ಅವರು ಖ್ಯಾಡ ಮೊದಲಾದ ಕಡೆ ಕೆಲಸ ಮಾಡಿ ಮಲಪ್ರಭಾ ಕಣಿವೆಯ ಬಗ್ಗೆ 1955ರಲ್ಲಿ ಪುಸ್ತಕ ಪ್ರಕಟಿಸಿದರು. ಬಾಗಲಕೋಟೆಯ ಹತ್ತಿರ ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ ಕೈಗೊಡಲಿಗಳ ತಾಣವನ್ನು ಆರ್. ಎಸ್. ಪಪ್ಪು ಅವರು ಅಧ್ಯಯನ ಮಾಡಿದರು. ನಾವು ಬಸ್ಸಿನಲ್ಲಿ ಕೂತು ಅನಗವಾಡಿ ಸೇತುವೆ ದಾಟುವಾಗ ಕೆಳಗಿನ ದಂಡೆಯಲ್ಲಿ ಲಕ್ಷಾಂತರ ವರ್ಷದ ಹಿಂದೆ ಒಬ್ಬ ಮನುಷ್ಯ ಕೂತು ಕಲ್ಲು ಕೆತ್ತುತ್ತಿದ್ದ ಎಂದು ನೆನೆಸಿಕೊಳ್ಳಬಹುದು.

ಗೋಕಾಕದ ಘೇಂಡಾಮೃಗ

ಬಾಗಲಕೋಟೆಯಿಂದ ಪಡುವಣಕ್ಕೆ ಘಟಪ್ರಭೆಯ ದಂಡೆ ಹಿಡಿದು ಹೋದರೆ ಗೋಕಾಕ. ಅದರ ಹತ್ತಿರ ಚಿಕ್ಡೌಲಿ ಎಂದು ಫೂಟ್ ಅವರು ಬರೆದಿರುವ ಹಳ್ಳಿಯ ಬಳಿ ಅವರಿಗೆ ಒಂದು ದೊಡ್ಡ ಪ್ರಾಣಿಯ ಪಳೆಯುಳಿಕೆ ಸಿಕ್ಕಿತು. ಹಲ್ಲುಗಳನ್ನು ನೋಡಿ ಅದು ಘೇಂಡಾಮೃಗ ಎಂದು ಗುರುತಿಸಿದರು. ತಮಗೆ ಗೊತ್ತಿದ್ದ ಘೇಂಡಾಮೃಗಗಳ ಹಲ್ಲಿಗೂ ಇದಕ್ಕೂ ವ್ಯತ್ಯಾಸ ಕಂಡು, ಇದು ಬೇರೆ ಜಾತಿ ಎಂದು ತೀರ್ಮಾನಿಸಿ ರೈನೊಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ದಖ್ಖನಿನ ಘೇಂಡಾಮೃಗ ಎಂದು ಅದರ ಅರ್ಥ. ಅವರ ಬರಹ 1874ರಲ್ಲಿ ಪ್ರಕಟವಾಯಿತು.

ಇದರ ಮಹತ್ವವನ್ನು ಯೋಚಿಸಿ. ಘೇಂಡಾಮೃಗಕ್ಕೆ ದಿನಾ ಬಹಳ ಮೇವು ಬೇಕು, ನೀರು ಬೇಕು, ಮೈ ಹೊರಳಿಸಲು ಕೆಸರು ಬೇಕು. ಇಂದು ಬೇಸಿಗೆಯಲ್ಲಿ ಹಳ್ಳಗಳು ಒಣಗಿ ಎರೆ ಭೂಮಿ ಬಿರುಕು ಬಿಡುವ ನಮ್ಮ ಕಡೆ ಆ ಪ್ರಾಣಿ ಬದುಕಿತ್ತು ಎಂದರೆ ಆಗಿನ ಹುಲ್ಲುಗಾವಲು, ನೀರು ಬೇರೆಯೇ ಇತ್ತು. ಒಂದು ಹಲ್ಲು ಒಂದು ಕಾಲದ ಮಳೆ, ಮೇವಿನ ಸುದ್ದಿ ಹೇಳುತ್ತದೆ. ಮಲಪ್ರಭೆ, ಘಟಪ್ರಭೆಯ ದಂಡೆಯಲ್ಲಿ ಕೈಗೊಡಲಿ ಹಿಡಿದಿದ್ದ ಮನುಷ್ಯ ಎಂಥ ನೆಲದಲ್ಲಿ ಬದುಕಿದ ಎಂದು ತಿಳಿಯಲು ಇಂಥ ಎಲುಬು, ಹಲ್ಲುಗಳೇ ದಾರಿ.

ಒಳಗಿರುವುದನ್ನು ನೋಡುವುದು ಹೇಗೆ?

ಇಲ್ಲಿ ಒಂದು ತೊಂದರೆ ಇದೆ. ಪಳೆಯುಳಿಕೆ ನೆಲದಿಂದ ಸ್ವಚ್ಛವಾಗಿ ಹೊರಗೆ ಬರುವುದಿಲ್ಲ. ಮಣ್ಣು, ಕಲ್ಲು ಅದಕ್ಕೆ ಅಂಟಿರುತ್ತದೆ. ತಲೆಬುರುಡೆಯಾದರೆ ಒಳಗೂ ಕಲ್ಲು ತುಂಬಿರುತ್ತದೆ. ಹಲ್ಲಿನ ಬೇರು ದವಡೆಯೊಳಗೆ ಅಡಗಿರುತ್ತದೆ. ಫೂಟ್ ಅವರ ಕಾಲದಲ್ಲಿ ಒಳಗೆ ನೋಡಬೇಕೆಂದರೆ ಉಳಿ, ಸುತ್ತಿಗೆ, ಗರಗಸ ಅಥವಾ ಆಮ್ಲ. ಮೂರ್ನಾಲ್ಕು ತಿಂಗಳು ಕೂತು ಸೂಜಿಯಿಂದ ಕಲ್ಲು ಬಿಡಿಸುವವರೂ ಇದ್ದರು. ವಿಲಿಯಂ ಸೊಲ್ಲಾಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1903ರಲ್ಲಿ ಇನ್ನೊಂದು ಉಪಾಯ ತಿಳಿಸಿದರು. ಪಳೆಯುಳಿಕೆಯನ್ನು ಸಾಣೆ ಹಿಡಿದಂತೆ ಸ್ವಲ್ಪ ಸ್ವಲ್ಪವೇ ಅರೆಯುವುದು, ಪ್ರತಿ ಸಲ ಕಾಣುವ ಮುಖದ ಚಿತ್ರ ತೆಗೆಯುವುದು, ಆ ಚಿತ್ರಗಳಿಂದ ಮೇಣದ ಮಾದರಿ ಕಟ್ಟುವುದು. ಒಳಗಿನ ರಚನೆ ಪೂರ್ತಿ ತಿಳಿಯುತ್ತದೆ. ಆದರೆ ಕೊನೆಗೆ ಪಳೆಯುಳಿಕೆಯೇ ಉಳಿಯುವುದಿಲ್ಲ, ಅದು ಪುಡಿ. ಮುಂದೆ ಯಾರಾದರೂ ಅನುಮಾನ ಬಂದು ಮತ್ತೊಮ್ಮೆ ನೋಡುತ್ತೇನೆ ಎಂದರೆ ನೋಡಲು ಏನೂ ಇಲ್ಲ.

ಒಡೆಯದೆ ನೋಡುವ ದಾರಿ ಫೂಟ್ ಅವರು ಬದುಕಿದ್ದಾಗಲೇ ತೆರೆಯಿತು. 1895ರ ನವೆಂಬರ್ 8ರಂದು ಜರ್ಮನಿಯಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಅವರು ಎಕ್ಸ್-ಕಿರಣವನ್ನು ಕಂಡರು. ಫೂಟ್ ಅವರಿಗೆ ಆಗ 61 ವರ್ಷ. ಮರುವರ್ಷವೇ, 1896ರಲ್ಲಿ, ಬ್ರೂಲ್ ಎಂಬ ವಿಜ್ಞಾನಿ ಪಳೆಯುಳಿಕೆಗಳನ್ನು ಎಕ್ಸ್-ಕಿರಣದಲ್ಲಿ ಪರೀಕ್ಷಿಸುವ ಬಗ್ಗೆ ಬರೆದರು. ಆದರೆ ಸಾಧಾರಣ ಎಕ್ಸ್-ರೇ ಎಂದರೆ ನೆರಳು. ಮುಂದಿನದು ಹಿಂದಿನದು ಎಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ.

ಈ ಕಲಸಿದ ನೆರಳನ್ನು ಬಿಡಿಸಿದ್ದು ಸಿ.ಟಿ. ಸ್ಕ್ಯಾನ್. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರು ತಯಾರಿಸಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದರು. ಇದಕ್ಕೆ ಬೇಕಾದ ಗಣಿತವನ್ನು ಮೊದಲೇ ರೂಪಿಸಿದ್ದ ಅಲನ್ ಕಾರ್ಮ್ಯಾಕ್ ಅವರ ಜೊತೆ 1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ದಾದಿಮಾ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾದಾಗ ಬಾಗಲಕೋಟೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ದೊಡ್ಡ ಉಂಗುರದಂಥ ಯಂತ್ರದೊಳಗೆ ಹಲಗೆ ಸರಿಯಿತು, ಕೆಲವೇ ನಿಮಿಷದಲ್ಲಿ ಮುಗಿಯಿತು. ತಲೆಯನ್ನು ಅಡ್ಡಡ್ಡ ಬಿಲ್ಲೆ ಬಿಲ್ಲೆಯಾಗಿ ಕೊಯ್ದಂತೆ ಕಪ್ಪು ಬಿಳುಪು ಚಿತ್ರಗಳ ದೊಡ್ಡ ಹಾಳೆ ಕೊಟ್ಟರು. ಒಂದು ಕೂದಲೂ ಕೊಂಕದೆ ಒಳಗೆಲ್ಲ ಕಂಡಿತು. ದಾದಿಮಾ ಈಗ ಆರಾಮ ಇದ್ದಾರೆ. ಪಳೆಯುಳಿಕೆಯ ಸ್ಕ್ಯಾನ್ ಕೂಡ ಇದೇ ತತ್ತ್ವದ್ದು.

ಉಂಗುರದೊಳಗೆ ಒಂದು ಕಡೆ ಎಕ್ಸ್-ಕಿರಣದ ನಳಿಕೆ, ಎದುರಿಗೆ ಅದನ್ನು ಅಳೆಯುವ ಸಂವೇದಕ. ಎರಡೂ ಸುತ್ತ ತಿರುಗುತ್ತ ನೂರಾರು ಕೋನದಿಂದ ಅಳೆಯುತ್ತವೆ. ದಟ್ಟವಾದ ವಸ್ತು ಹೆಚ್ಚು ಕಿರಣ ಹೀರುತ್ತದೆ, ಸಡಿಲವಾದದ್ದು ಕಡಿಮೆ. ಎಲ್ಲ ಅಳತೆ ಸೇರಿಸಿ ಕಂಪ್ಯೂಟರ್ ಒಳಗಿನ ಪ್ರತಿ ಚಿಕ್ಕ ತುಂಡಿನ ದಟ್ಟತೆ ಎಷ್ಟೆಂದು ಲೆಕ್ಕ ಹಾಕುತ್ತದೆ. ಎಲುಬು ಒಂದು ಬಣ್ಣ, ಅಂಟಿದ ಕಲ್ಲು ಇನ್ನೊಂದು ಬಣ್ಣ. ಆಮೇಲೆ ಪರದೆಯ ಮೇಲೆ ಕಲ್ಲಿನ ಬಣ್ಣವನ್ನು ಅಳಿಸಿಬಿಟ್ಟರೆ ಎಲುಬು ಮಾತ್ರ ಉಳಿಯುತ್ತದೆ. ಸುತ್ತಿಗೆ ಮಾಡುವ ಕೆಲಸವನ್ನು ಮೌಸ್ ಮಾಡುತ್ತದೆ, ನಿಜವಾದ ಪಳೆಯುಳಿಕೆ ಇದ್ದ ಹಾಗೇ ಇರುತ್ತದೆ.

1984ರಲ್ಲಿ ಅಮೆರಿಕದ ಕಾನ್ರಾಯ್ ಮತ್ತು ವ್ಯಾನಿಯರ್ ಎಂಬವರು ಕಲ್ಲು ತುಂಬಿದ ಪ್ರಾಚೀನ ತಲೆಬುರುಡೆಯನ್ನು ಸಿ.ಟಿ. ಮಾಡಿ, ಒಳಗಿನ ಮಿದುಳಿನ ಜಾಗದ ಮೂರು ಆಯಾಮದ ಚಿತ್ರ ಪ್ರಕಟಿಸಿದರು. ಇಥಿಯೋಪಿಯಾದಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಳೆಯ ಲೂಸಿಯ ಎಲುಬುಗಳನ್ನು 2008ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಹತ್ತು ದಿನ ಸ್ಕ್ಯಾನ್ ಮಾಡಿ 35,000ಕ್ಕೂ ಹೆಚ್ಚು ಚಿತ್ರಗಳನ್ನು ಪಡೆದರು. ಈಗ ಲೂಸಿಯನ್ನು ಅಧ್ಯಯನ ಮಾಡಲು ಎಲುಬನ್ನು ಮತ್ತೆ ಮತ್ತೆ ಮುಟ್ಟಬೇಕಿಲ್ಲ. ಗೋಕಾಕದ ಘೇಂಡಾಮೃಗದಂಥ ಹಲ್ಲಿನಲ್ಲೂ ಹೀಗೇ ಬೇರಿನ ಆಕಾರ, ಎನಾಮಲ್ಲಿನ ದಪ್ಪ, ಅದರ ಕೆಳಗಿನ ಪದರದ ಏರಿಳಿತಗಳನ್ನು ಕೊಯ್ಯದೆ ಅಳೆಯಬಹುದು. ಜಾತಿ ಬೇರೆಯೇ ಅಥವಾ ಅದೇ ಎಂದು ನಿರ್ಧರಿಸಲು ಫೂಟ್ ಅವರಿಗೆ ಹಲ್ಲಿನ ಮೇಲ್ಮೈ ಮಾತ್ರ ಇತ್ತು, ನಮಗೆ ಒಳಮೈಯೂ ಇದೆ.

ಕೆಲವು ಪರೀಕ್ಷೆಗೆ ಪಳೆಯುಳಿಕೆಯ ಒಂದು ತುಣುಕನ್ನು ಕಳೆದುಕೊಳ್ಳಲೇ ಬೇಕಾಗುತ್ತದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಹತಾರಗಳ ಜೊತೆ ಸಿಕ್ಕ ಪ್ರಾಣಿಯ ಹಲ್ಲಿನ ಎನಾಮಲ್ ಪರೀಕ್ಷಿಸಿ ಆ ತಾಣ ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ಹೇಳಿದರು. ಅಂಥ ಪರೀಕ್ಷೆಗೆ ಎನಾಮಲ್ ಪುಡಿ ಬೇಕು. ಆದ್ದರಿಂದ ಮೊದಲು ಸ್ಕ್ಯಾನ್ ಮಾಡಿ ಆಕಾರವನ್ನು ಕಾಯ್ದಿಟ್ಟುಕೊಂಡು ಆಮೇಲೆ ಚೂರು ತೆಗೆದರೆ ನಷ್ಟ ಕಡಿಮೆ.

ಯಂತ್ರಕ್ಕೂ ಮಿತಿ ಇದೆ. ಆಸ್ಪತ್ರೆಯ ಯಂತ್ರ ಮನುಷ್ಯನ ಮೈಗೆಂದು ಮಾಡಿದ್ದು. ದಪ್ಪ ಕಲ್ಲನ್ನು ದಾಟಲು ಅದರ ಕಿರಣದ ಶಕ್ತಿ ಸಾಲದೆ ಹೋಗಬಹುದು. ಕಬ್ಬಿಣದ ಅಂಶ ಹೆಚ್ಚಿದ್ದರೆ ಚಿತ್ರದಲ್ಲಿ ಗೆರೆಗಳು ಬೀಳುತ್ತವೆ. ಎಲುಬೂ ಸುತ್ತಲಿನ ಕಲ್ಲೂ ಒಂದೇ ದಟ್ಟತೆಯದಾದರೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಚಿಕ್ಕ ವಸ್ತುಗಳಿಗೆ ಮೈಕ್ರೊ-ಸಿ.ಟಿ. ಎಂಬ ಬೇರೆ ಯಂತ್ರವಿದೆ. ಅದರಲ್ಲಿ ಮಿಲಿಮೀಟರಿನ ಸಾವಿರದ ಕೆಲವು ಭಾಗದಷ್ಟು ಸಣ್ಣದೂ ಕಾಣುತ್ತದೆ.

ಯಂತ್ರ ಹೇಳದ ಸಂಗತಿ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1999ರಲ್ಲಿ ಆರ್ಕಿಯೊರ‍್ಯಾಪ್ಟರ್ ಎಂಬ ಪಳೆಯುಳಿಕೆ ಬಹಳ ಸುದ್ದಿ ಮಾಡಿತು. ಚೀನಾದಿಂದ ವ್ಯಾಪಾರಿಗಳ ಕೈಗೆ ಬಂದು ಅಮೆರಿಕದಲ್ಲಿ ಮಾರಾಟವಾದ ಕಲ್ಲು ಅದು. ಹಕ್ಕಿಯ ಮೈ, ಡೈನೊಸಾರ್ ಬಾಲ. ಎರಡರ ನಡುವಿನ ಕೊಂಡಿ ಸಿಕ್ಕಿತೆಂದು ಜನ ಸಂಭ್ರಮಿಸಿದರು. ಟೆಕ್ಸಾಸಿನ ಟಿಮೊಥಿ ರೋ ಅವರು ಅದನ್ನು ಸಿ.ಟಿ. ಯಂತ್ರದಲ್ಲಿಟ್ಟು ನೋಡಿದಾಗ ಅದು 88 ಚೂರುಗಳನ್ನು ಅಂಟಿಸಿ ಮಾಡಿದ್ದು ಎಂದು ಗೊತ್ತಾಯಿತು. ಒಂದು ಪ್ರಾಣಿಯ ಮೈಗೆ ಇನ್ನೊಂದರ ಬಾಲ ಜೋಡಿಸಿದ್ದರು. 2001ರಲ್ಲಿ ವಿವರ ಪ್ರಕಟವಾಯಿತು.

ಯಂತ್ರ ಮೋಸವನ್ನು ಹಿಡಿಯಿತು, ನಿಜ. ಆದರೆ ಆ ಚೂರುಗಳು ಯಾವ ಗುಡ್ಡದ ಯಾವ ಪದರದಲ್ಲಿ ಬಿದ್ದಿದ್ದವು ಎಂದು ಯಾವ ಯಂತ್ರ ಹೇಳುತ್ತದೆ? ಹೇಳುವುದಿಲ್ಲ. ಪಳೆಯುಳಿಕೆಯ ಒಳಗೆ ಏನಿದೆ ಎಂಬುದು ಒಂದು ಪ್ರಶ್ನೆ, ಅದು ಎಲ್ಲಿತ್ತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಈಗ ಉತ್ತರ ಸಿಗದಿದ್ದರೆ ಮುಂದೆ ಇನ್ನೂ ಒಳ್ಳೆಯ ಯಂತ್ರ ಬಂದಾಗ ಸಿಗಬಹುದು. ಎರಡನೆಯದಕ್ಕೆ ಎತ್ತಿದ ದಿನವೇ ಎತ್ತಿದವರು ಬರೆದಿಡದಿದ್ದರೆ ಮುಂದೆ ಎಂದೂ ಸಿಗುವುದಿಲ್ಲ. ಫೂಟ್ ಅವರ ದೊಡ್ಡತನ ಇರುವುದು ಇಲ್ಲಿ. ಸಿ.ಟಿ. ಇಲ್ಲದ ಕಾಲದಲ್ಲಿ, ಕೆಡಿಸಿದರೆ ಮರಳಿ ಬಾರದಂಥ ಸಂಗತಿಯನ್ನು ಅವರು ಕಾಯ್ದರು.

ಕೊನೆಯ ವರ್ಷಗಳು

ಗೋಕಾಕದ ನಂತರವೂ ಅವರು ಸುಮ್ಮನೆ ಕೂರಲಿಲ್ಲ. 1884–85ರಲ್ಲಿ ಆಂಧ್ರದ ಕರ್ನೂಲ್ ಸೀಮೆಯ ಬಿಲ್ಲಸುರ್ಗಂ ಗುಹೆಗಳಲ್ಲಿ ಉತ್ಖನನ ನಡೆಯಿತು. ಅದರಲ್ಲಿ ಅವರ ಮಗ ಲೆಫ್ಟಿನೆಂಟ್ ಹೆನ್ರಿ ಫೂಟ್ ಅವರೂ ಕೆಲಸ ಮಾಡಿದರು. ಅಲ್ಲಿ ಸಿಕ್ಕ ಎಲುಬುಗಳಲ್ಲಿ ಘೇಂಡಾಮೃಗದ್ದೂ ಇತ್ತು. ನಮ್ಮ ಧಾರವಾಡದ ಹೆಸರಿನ ಧಾರವಾಡ ಶಿಲಾಸಮೂಹ ಎಂಬ ವರ್ಗವನ್ನು ಗುರುತಿಸಿ, ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಈ ಕಲ್ಲುಗಳಲ್ಲಿ ಇದೆ ಎಂದು ತೋರಿಸಿದವರೂ ಅವರೇ. ಬಳ್ಳಾರಿ ಸೀಮೆಯ ಬೂದಿ ದಿಬ್ಬಗಳು ದನದ ಸಗಣಿ ಸುಟ್ಟು ಆದವು ಎಂದು ಅವರು ಹೇಳಿದ ಮಾತನ್ನು ಮುಂದಿನ ಸಂಶೋಧಕರು ಪುಷ್ಟೀಕರಿಸಿದರು.

1891ರಲ್ಲಿ ಇಲಾಖೆಯಿಂದ ನಿವೃತ್ತರಾದರು. ಆಮೇಲೆ ಬರೋಡಾ ಸಂಸ್ಥಾನದ ಭೂರಚನೆಯನ್ನು ಅಧ್ಯಯನ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದರ ಮೊದಲ ಮುಖ್ಯಸ್ಥರಾದರು. ಇಂದಿನ ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲ ಅದೇ. ಕೊನೆಗೆ ಸೇಲಂ ಹತ್ತಿರದ ಏರ್ಕಾಡಿನಲ್ಲಿ ನೆಲೆಸಿದರು.

ನಾಲ್ಕು ದಶಕ ಸಂಗ್ರಹಿಸಿದ ಸಾವಿರಾರು ವಸ್ತುಗಳನ್ನು ಅವರು ಇಂಗ್ಲೆಂಡಿಗೆ ಕಳಿಸಲಿಲ್ಲ. 1904ರಲ್ಲಿ ಆ ಸಂಗ್ರಹ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ನಂತರ ಒಂದೊಂದು ವಸ್ತುವಿಗೂ ಸಂಖ್ಯೆ, ಸಿಕ್ಕ ಊರು, ತಾಣ, ಕಲ್ಲಿನ ಬಗೆ ಎಲ್ಲ ಬರೆದು ಪಟ್ಟಿ ತಯಾರಿಸಲು ಕೂತರು. ಆ ಪಟ್ಟಿ ಅಚ್ಚಾಗಿ ಬಂದದ್ದು 1914ರಲ್ಲಿ, ಅದರ ಟಿಪ್ಪಣಿಗಳ ಸಂಪುಟ 1916ರಲ್ಲಿ. ಎರಡನ್ನೂ ನೋಡಲು ಅವರು ಇರಲಿಲ್ಲ. 1912ರ ಡಿಸೆಂಬರ್ 29ರಂದು, 78ನೆಯ ವಯಸ್ಸಿನಲ್ಲಿ, ಕಲ್ಕತ್ತದಲ್ಲಿ ತೀರಿಕೊಂಡರು. ಏರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಪಟ್ಟಿ ನೋಡಿ ಒಂದು ಕಲ್ಲಿನ ಹತಾರ ಯಾವ ಹಳ್ಳದಿಂದ ಬಂತೆಂದು ಸಂಶೋಧಕರು ಇಂದಿಗೂ ಹುಡುಕಿ ಹೋಗಬಹುದು.

ನಾವು ಮಾಡಬಹುದಾದದ್ದು

ನಮ್ಮ ಜಿಲ್ಲೆಯ ನೆಲ ವೇಗವಾಗಿ ಬದಲಾಗುತ್ತಿದೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಭಾಗಗಳೂ ನದಿಯ ದಂಡೆಗಳೂ ಮುಳುಗಿದವು. ರಸ್ತೆಗೆ ಗರಸು ಬೇಕು, ಮನೆಗೆ ಮರಳು ಬೇಕು, ಕ್ವಾರಿಯಿಂದ ಕಲ್ಲು ಬೇಕು. ಇವೆಲ್ಲ ಬೇಕಾದವೇ, ನಮ್ಮಲ್ಲಿ ಅನೇಕರ ಮನೆಯ ಒಲೆ ಉರಿಯುವುದೂ ಇದರಿಂದಲೇ. ಆದರೆ ಅಗೆಯುವಾಗ ಎಲುಬೋ ಹಲ್ಲೋ ಕೆತ್ತಿದ ಕಲ್ಲೋ ಹೊರಗೆ ಬಂದರೆ ಅದನ್ನು ಮೊದಲು ನೋಡುವವರು ವಿಜ್ಞಾನಿಗಳಲ್ಲ. ನಮ್ಮ ಅಣ್ಣ, ಚಾಚಾ, ಜೆಸಿಬಿ ಓಡಿಸುವವರು, ದನ ಮೇಯಿಸುವ ಹುಡುಗರು.

ಅಂಥದ್ದು ಕಂಡರೆ ಒಡೆದು ನೋಡಬೇಡಿ. ಉಜ್ಜಿ ತೊಳೆಯಬೇಡಿ. ಆಗುವುದಾದರೆ ಎತ್ತಲೂ ಬೇಡಿ. ಪಕ್ಕದಲ್ಲಿ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮೊದಲು ದೂರದಿಂದ, ಹಳ್ಳದ ದಂಡೆಯ ಪದರಗಳು ಕಾಣುವಂತೆ. ಆಮೇಲೆ ಹತ್ತಿರದಿಂದ, ಸುತ್ತ ಎಲ್ಲ ಕೋನದಿಂದ, ಒಂದು ಫೋಟೊದ ಭಾಗ ಇನ್ನೊಂದರಲ್ಲೂ ಬರುವಂತೆ ಐವತ್ತು ಅರವತ್ತು ಫೋಟೊ. ಇಂಥ ಫೋಟೊಗಳನ್ನು ಜೋಡಿಸಿ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡುವ ವಿಧಾನಕ್ಕೆ ಫೋಟೊಗ್ರಾಮೆಟ್ರಿ ಎನ್ನುತ್ತಾರೆ. ಒಳಗಿನದು ಇದರಲ್ಲಿ ಕಾಣದು, ಆದರೆ ಹೊರಮೈಯ ಅಳತೆ ಪೂರ್ತಿ ಸಿಗುತ್ತದೆ. ಫೋನಿನ ಲೊಕೇಶನ್ ಆನ್ ಇರಲಿ. ಊರು, ಹೊಲ ಯಾರದು, ನೆಲದಿಂದ ಎಷ್ಟು ಆಳ, ತಾರೀಖು, ಇಷ್ಟನ್ನು ಬರೆದಿಡಿ. ಬಂದು ನಮ್ಮ ಉಪನ್ಯಾಸಕರಿಗೆ ಹೇಳಿ. ಅವರು ಪುರಾತತ್ತ್ವ ಇಲಾಖೆಗೆ ಅಥವಾ ವಿಶ್ವವಿದ್ಯಾಲಯಕ್ಕೆ ತಿಳಿಸಬಹುದು.

ಸ್ಕ್ಯಾನ್ ಮಾಡುವ ಯಂತ್ರ ನಮ್ಮ ಕಾಲೇಜಿನಲ್ಲಿ ಇಲ್ಲ. ಸ್ಕೇಲ್, ಪೆನ್, ನೋಟ್‌ಬುಕ್ ಎಲ್ಲರ ಬ್ಯಾಗಿನಲ್ಲೂ ಇವೆ. ಫೂಟ್ ಅವರು ಕಲಾದಗಿ ಸೀಮೆಗೆ ಬಂದಾಗ ಅವರ ಹತ್ತಿರ ಇದ್ದದ್ದೂ ಹೆಚ್ಚು ಕಡಿಮೆ ಇಷ್ಟೇ.